ಅಜ್ಜಿ ನೋಡುತ್ತಿದ್ದ ಪಾದಗಳು

ಅಮ್ಮ ಬೆಳಗಿನಿಂದ ಐಸಿಯುವಿನಲ್ಲಿದ್ದಾಳೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಫಿನಾಯಿಲ್ ವಾಸನೆಗೆ ಕೊಪ್ಪದ ನಮ್ಮ ಮನೆಯ ಹಳೆಯ ಟಿವಿ ನೆನಪಾಯಿತು.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅದರಲ್ಲಿ ಆಸ್ಪತ್ರೆಯ ದೆವ್ವದ ಧಾರಾವಾಹಿಯೊಂದು ಶುರುವಾಗಿತ್ತು. ಪಕ್ಕದ ಮನೆಯವರೂ ನಮ್ಮಲ್ಲಿಗೇ ಬಂದು, ಧಾರಾವಾಹಿಯನ್ನು ಬೈದುಕೊಂಡೇ ನೋಡುತ್ತಿದ್ದರು.

“ದೆವ್ವದ್ದು ಪಾದ ಹಿಂದಕ್ಕಿರ್ತದೆ. ಆ ನರ್ಸಿಂದು ನೋಡೇ ಮಾರಾಯ್ತಿ!” ಎಂದು ಅಜ್ಜಿ ತುಂಬುಬಸುರಿ ಅಮ್ಮನಿಗೆ ತೋರಿಸಿದ್ದಳು.

ಮರುವಾರವೇ ಅಮ್ಮನನ್ನು ಹೆರಿಗೆಗೆ ಸೇರಿಸಿದರು. ಅಜ್ಜಿ ವಾರ್ಡಿನ ಬಾಗಿಲಲ್ಲೇ ಕೂತು, ಬರುವ ಪ್ರತಿ ನರ್ಸಿನ ಪಾದ ನೋಡಿಯೇ ದಾರಿ ಬಿಡುತ್ತಿದ್ದಳು.

“ಏನಾದ್ರೂ ಬಿತ್ತಾ ಅಜ್ಜಿ?” ಒಬ್ಬಳು ಕೇಳಿದಳು.

“ಇಲ್ಲ ಕೂಸೇ. ನಿಂದು ಸರಿ ಇದೆ, ಹೋಗು.”

ನಾಚಿಕೆಯಿಂದ ನಾನು ಕಂಬದ ಹಿಂದೆ ಸರಿದಿದ್ದೆ.

ಈಗಷ್ಟೇ ಐಸಿಯು ಬಾಗಿಲು ತೆರೆದು ನರ್ಸ್ ಹೊರಬಂದರು. ಅವರ ಮುಖ ನೋಡುವ ಮೊದಲೇ ನನ್ನ ಕಣ್ಣು ಪಾದಕ್ಕೆ ಹೋಯಿತು.