ಮೂರು ಗಂಟಿನ ಹಸರು

ನಾನು ಬಳಿಗಾರ. ಹಸರು ಯಾವ್ದು, ಕೆಂಪು ಯಾವ್ದು ಅಂತ ನನಗ ತಿಳಿಯಂಗಿಲ್ಲ. ನಗಬ್ಯಾಡ್ರಿ. ಮಾವಿನ ಎಲಿ, ಒಣಮೆಣಸಿನಕಾಯಿ ಎರಡೂ ನನಗ ಒಂದೇ ನಮೂನಿ ಮಣ್ಣಿನ ಬಣ್ಣ. ಇದಕ್ಕ ಬಣ್ಣಗುರುಡು ಅಂತಾರ, ತಾಯಿ ಕಡಿಯಿಂದ ಬರ್ತದ ಅಂತ ಡಾಕ್ಟರು ಹೇಳಿದ್ದು ಎಷ್ಟೋ ವರ್ಷದ ಮ್ಯಾಲೆ. ಅವ್ವಗ ಮೊದಲ ಗೊತ್ತಿತ್ತು. ಆಕಿ ಅಣ್ಣನೂ ಹಂಗ ಇದ್ದ. ಅದಕ್ಕ ಬಳಿ ಕಟ್ಟುವ ದಾರಕ್ಕ ಆಕಿ ಗುರ್ತು ಇಡತಿದ್ಲು: ಹಸರಿಗೆ ಮೂರು ಗಂಟು, ಕೆಂಪಿಗೆ ಒಂದು. ಹೊಸದಾಗಿ ಬಂದ ಹೆಂಡತಿಗೆ ನಾ ಇದನ್ನ ಹೇಳಿದ್ದಿಲ್ಲ. ಬಳಿಗಾರ ಆಗಿ ಹೆಂಗ ಹೇಳಲಿ?

ಅವತ್ತು ಮಾಳಮಡ್ಡಿಯ ಒಂದು ಮನ್ಯಾಗ ಸೊಸಿಯ ಕುಬಸ. ಏಳು ತಿಂಗಳ ಬಸುರಿಗೆ ಕೈತುಂಬ ಹಸರ ಬಳೀನ ಆಗಬೇಕು. ಅವ್ವ ಬೈರಿದೇವರಕೊಪ್ಪಕ್ಕ ತಂಗಿ ಮನಿಗೆ ಹೋಗಿದ್ಲು. ಚಾಪಿ ಮ್ಯಾಲೆ ಕೂತು ಪೆಟ್ಟಿಗಿ ತಗದೆ, ದಾರ ಮುಟ್ಟಿದೆ. ಎಲ್ಲಾ ಹೊಸ ದಾರ! ಎಲ್ಲಾಕ್ಕೂ ಒಂದೊಂದ ಗಂಟು! ಮುಂಜಾನೆ ಹೆಂಡತಿ "ದಾರ ಹೊಲಸಾಗ್ಯಾವು" ಅಂದದ್ದು ಆಗ ನೆನಪಾತು.

"ಲಗೂ ಇಡಪಾ, ಆರತಿ ಹೊತ್ತಾತು," ಅಂದ್ರು ಹುಡುಗಿಯ ಅತ್ತಿ. ಸುತ್ತ ಹತ್ತು ಹೆಣ್ಣಮಕ್ಕಳು. ಬಾಯಿಬಿಟ್ಟು ಕೇಳಿದ್ದರ ಮುಗೀತಿತ್ತು. ಹಾಳಾದ ಸೊಕ್ಕು! ಒಂದು ಕಟ್ಟು ಎತ್ತಿ, ಹುಡುಗಿಯ ಕೈ ಹಿಚುಕಿ, ಮೊದಲ ಬಳಿ ಏರಿಸೇಬಿಟ್ಟೆ.

ಅತ್ತಿ ಹುಡುಗಿಯ ಕೈ ಎತ್ತಿ ನೋಡಿದ್ರು.

"ಕೆಂಪು!" ಅಂದ್ರು. "ಕಣ್ಣ ಕಾಣಂಗಿಲ್ಲೇನು ನಿನಗ?"

ಬಿಗಿ ಬಳಿ. ತಗೀಬೇಕು, ಒಡೀಬಾರದು. ಕುಬಸದ ದಿನ ಬಸುರಿ ಕೈಯಾಗ ಬಳಿ ಒಡದರ ಆ ಜೀವ ಎಷ್ಟು ಹೆದರೀತು? ಆ ಓಣ್ಯಾಗ ಮತ್ತ ನನ್ನ ಯಾರು ಕರೀತಾರ? ಎಣ್ಣಿ ತರಿಸಿ ಹಚ್ಚಿದೆ. ಹುಡುಗಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ಲು. ಬಳಿ ಗೆಣ್ಣಿನ ಮ್ಯಾಲೆ ಸಿಕ್ಕೊಂಡಿತು. ಹಿಂದ ಸರಿಸಿದೆ, ಮತ್ತ ಎಣ್ಣಿ ಹಚ್ಚಿದೆ, ಉಸಿರು ಹಿಡದು ಎಳದೆ. ಒಡೀಲಿಲ್ಲ. ಜಾರಿ ನನ್ನ ಅಂಗೈಯಾಗ ಬಂತು.

"ಬಾಯಾರ, ನನಗ ಹಸರು ಕೆಂಪು ತಿಳಿಯಂಗಿಲ್ರಿ," ಅಂದುಬಿಟ್ಟೆ.

ಆ ಹುಡುಗಿನೇ ಮುಂದ ಬಾಗಿ ಒಂದು ಕಟ್ಟು ಎತ್ತಿ ನನ್ನ ಕೈಗೆ ಕೊಟ್ಲು. "ಇವು ಹಸರು, ಅಣ್ಣಾ. ಇಡ್ರಿ."

ಮನಿಗೆ ಬಂದವನೇ ಹೆಂಡತಿ ಮ್ಯಾಲೆ ಹರಿಹಾಯ್ದೆ. "ಯಾರ್ನ ಕೇಳಿ ದಾರ ಬಿಚ್ಚಿದಿ?" ಸಿಟ್ಟಿನ ಭರದಾಗ ಮುಚ್ಚಿಟ್ಟದ್ದೆಲ್ಲಾ ಹೊರಗ ಬಂತು. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿ ಎರಡೂ ಕೈ ನನ್ನ ಮುಂದ ಹಿಡಿದ್ಲು. ಮೂರು ತಿಂಗಳ ಹಿಂದ, ಮದವಿ ಗದ್ದಲದಾಗ, ದಾರ ಬಿಚ್ಚಿದ್ದ ಬಳ್ಯಾಗ ನಾನ ಆರಿಸಿ ಇಟ್ಟ ಬಳಿ ಇನ್ನೂ ಕೈಯಾಗಿದ್ದವು.

"ಇವು ಯಾವ ಬಣ್ಣರಿ?"

"ಹಸರು."

"ಕೆಂಪು," ಅಂದ್ಲು. "ಮದವಿಗೆ ಹಸರು ಬಿಟ್ಟು ಕೆಂಪು ಬಳಿ ಅಂತ ನಮ್ಮವ್ವ ನೋಡಿ ಗಾಬರಿ ಆಗಿದ್ಲು. ನಾನ ಕೇಳಿ ಇಡಿಸಿಕೊಂಡೇನಿ ಅಂದೆ. ಒಂದಿನ ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ. ಗಂಟಿಂದಷ್ಟ ನನಗ ಗೊತ್ತಿದ್ದಿಲ್ಲ."

ನಾಚಿಕಿ ಆತು, ಅಳು ಬಂತು. ಪೆಟ್ಟಿಗಿ ತಂದು ಆಕಿ ಮುಂದ ಇಟ್ಟೆ. ಆಕಿ ಕೈಯಾಗಿನ ಹಿಟ್ಟು ತೊಳಕೊಂಡು ಬಂದು, ಹಸರಿನ ಕಟ್ಟಿಗೆ ಮೂರು ಗಂಟು ಹಾಕಾಕ ಕುಂತ್ಲು.