ಬಾಗಿಲಿಗೆ ಒತ್ತಿಟ್ಟ ಗುಳ

ನ್ಯಾಮತಿಯ ನಮ್ಮ ಮನೆಯ ಮುಂಬಾಗಿಲು ಕೊಂಚ ಗಾಳಿ ಬಂದರೂ ಸಾಕು, ಯಾರೋ ಸಿಟ್ಟು ಮಾಡಿಕೊಂಡು ಎದ್ದುಹೋದಂತೆ ಧಡಾರನೆ ಬಡಿದುಕೊಳ್ಳುತ್ತದೆ. ಅದನ್ನು ಸುಮ್ಮನಿರಿಸಲು ನನ್ನ ಹೆಂಡತಿ ನೇಗಿಲಿನ ಹಳೆಯ ಗುಳವೊಂದನ್ನು, ಅಂದರೆ ಮಣ್ಣು ಸೀಳುವ ಆ ಕಬ್ಬಿಣದ ಮೊನೆಯನ್ನು, ಬಹಳ ವರ್ಷಗಳಿಂದ ಅಡ್ಡ ಇಟ್ಟಿದ್ದಳು. ಈಗ ಅದು ಅಲ್ಲಿಲ್ಲ. ಯಾಕಿಲ್ಲ ಎಂದು ಹೇಳಬೇಕಾದರೆ ನಾನು ಮಾಡಿದ ಒಂದು ಘನಕಾರ್ಯವನ್ನೂ ನಿಮ್ಮೆದುರು ಒಪ್ಪಿಕೊಳ್ಳಬೇಕಾಗುತ್ತದೆ.

ಸವಳಂಗ ರಸ್ತೆಯಲ್ಲಿ ಹಾಲೇಶಪ್ಪನ ವೆಲ್ಡಿಂಗ್ ಅಂಗಡಿ ಇದೆ. ಕಿಟಕಿಯ ಗ್ರಿಲ್ಲು, ಗೇಟು, ಟ್ರ್ಯಾಕ್ಟರಿನ ಮುರಿದ ಕೊಂಡಿ, ಇವು ಅವನ ಹೊಟ್ಟೆಪಾಡು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವನು ಗುಜರಿ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಜಗಳೂರು ಕಡೆಯಿಂದ ಬಂದ ಕೊಳವೆಬಾವಿಯ ತುಕ್ಕು ಪೈಪಿಗೆ ಚನ್ನಗಿರಿಯ ಯಾವುದೋ ಹೊಲದ ಮೊಂಡು ಕುಡುಗೋಲನ್ನು ಬೆಸೆದು, ಇಂಥದ್ದೆಂದು ಯಾರೂ ಹೇಳಲಾರದ ಆಕಾರಗಳನ್ನು ಎತ್ತಿ ನಿಲ್ಲಿಸುತ್ತಿದ್ದ. ಗೇಟು ಮಾಡಿಸಲು ಬಂದವರು "ಇದು ಇನ್ನೂ ಮುಗಿದಿಲ್ಲೇನು ಹಾಲೇಶಣ್ಣ" ಎಂದು ಕೇಳುವುದೂ, ಅವನು "ಮುಗೀತು ಕಣಪ್ಪ" ಎಂದು ನಗುವುದೂ ನಡೆದೇ ಇತ್ತು. ನಾನು ನೆರವಿಗೆ ಹೋಗುವವರೆಗೆ ಅವನಿಗೆ ಯಾವ ಕೊರತೆಯೂ ಇರಲಿಲ್ಲ.

ಹೊನ್ನಾಳಿಯ ಒಂದು ಕಲಾಬಳಗದವರು ಅವನ ಕೆಲಸ ನೋಡಿ ಮೆಚ್ಚಿ, ಪ್ರದರ್ಶನ ಇಡುತ್ತೇವೆ ಎಂದರು. ಪುಸ್ತಿಕೆಗೆ ಕಲಾವಿದರ ಹಿನ್ನೆಲೆ, ಪ್ರೇರಣೆ, ಸೃಜನಕ್ರಮ, ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದೂ ಹೇಳಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ, ಬರೆದುಕೊಡಲು ಯಾರಾದರೂ ಕೇಳುತ್ತಾರೇನೋ ಎಂದು ಕಾದಿದ್ದ ನನ್ನ ಬಳಿಗೆ ಅವನು ಬಂದ. ಎಲ್ಲಿಂದ ಕಲಿತೆ, ಹೇಗೆ ಮಾಡುತ್ತೀ ಎಂದೆ.

"ನಮ್ಮಪ್ಪ ಕುಲುಮ್ಯಾಗೆ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ರು ಮೇಷ್ಟ್ರೇ. ಪಟ್ಟಿ ಒಳಗೆ ಸೀಳಿದ್ರೆ ಕಣ್ಣಿಗೆ ಕಾಣಲ್ಲ, ಬಡಿದು ಕೇಳಿದ್ರೆ ಗೊತ್ತಾಕ್ಕೈತೆ. ನಂಗೂ ಬರಾದು ಅದೊಂದೇ. ಗುಜರ್ಯಾಗಿನ ತುಂಡು ಬಡಿದು ನೋಡ್ತೀನಿ. ಒಂದಕ್ಕೊಂದು ಓಗೊಟ್ರೆ ಕೂಡಿಸ್ತೀನಿ, ಇಲ್ಲಾಂದ್ರೆ ಇಲ್ಲ."

ಗೆಳೆಯರೇ, ಇದನ್ನು ಹೀಗೇ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಅರ್ಥವಾಗುವ ಮಾತನ್ನು ಅಚ್ಚು ಹಾಕಿಸಲು ನಮಗೆ ಏನೋ ಸಂಕೋಚ. ಮದುವೆಯ ಕರೆಯೋಲೆಯಿಂದ ಹಿಡಿದು ಸನ್ಮಾನಪತ್ರದವರೆಗೆ, ಓದಿದವನು ಎರಡು ಕಡೆಯಾದರೂ ಎಡವಿ ಬೀಳದಿದ್ದರೆ ಬರೆದವನಿಗೆ ವಿದ್ಯೆ ಸಾಲದು ಎಂದೇ ನಾವು ತಿಳಿದವರು. ಹಾಗಾಗಿ ಕುಲುಮೆಯನ್ನೂ ಅಪ್ಪನನ್ನೂ ಆಚೆಗಿಟ್ಟು, "ಲೋಹದ ಮೌನಗರ್ಭದಲ್ಲಿ ಹುದುಗಿರುವ ಅಸ್ತಿತ್ವದ ಆಕ್ರಂದನಕ್ಕೆ ಅಮೂರ್ತದ ಆಯಾಮವೀಯುವ ದಾರ್ಶನಿಕ ಹುಡುಕಾಟ" ಎಂದು ಆರಂಭಿಸಿದೆ. ಕೆಳಗಿನ ಸಾಲುಗಳು ಇದಕ್ಕಿಂತ ಕಷ್ಟವಾಗಿದ್ದವು. ಬರೆದು ಮುಗಿಸಿ ನಾನೇ ಎರಡು ಸಲ ಓದಿದೆ, ಅರ್ಥವಾಗಲಿಲ್ಲ, ಬಹಳ ಸಂತೋಷವಾಯಿತು.

ಪ್ರದರ್ಶನಕ್ಕೆ ಬಂದವರು ಮೊದಲು ನನ್ನ ಪುಟ ಓದುತ್ತಿದ್ದರು, ಆಮೇಲೆ ಕಬ್ಬಿಣದ ಕಡೆ ತಿರುಗಿ ತಲೆದೂಗುತ್ತಿದ್ದರು. ಹೆಗಲಿಗೆ ಜೋಳಿಗೆ ಹಾಕಿದ್ದ ಒಬ್ಬ ಮಹನೀಯರು ಪೈಪು ಕುಡುಗೋಲಿನ ಮುಂದೆ ಕಣ್ಣು ಮುಚ್ಚಿ ನಿಂತು, "ಆಕ್ರಂದನ ಕೇಳಿಸುತ್ತಿದೆ" ಎಂದರು. ಕೇಳಿಸಲು ಅದನ್ನು ಯಾರೂ ಬಡಿದಿರಲಿಲ್ಲ. ಪಕ್ಕದಲ್ಲೇ 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ಇತ್ತು.

ಹಾಲೇಶಪ್ಪ ಆ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದ. ಅಲ್ಲಿಂದಾಚೆಗೆ ಗೇಟುಗಳು ಮಾತ್ರ ಆದವು, ಒಂದು ಆಕಾರವೂ ಏಳಲಿಲ್ಲ. ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಹೋದಾಗ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಆಕ್ರಂದನ ಎಲ್ಲಿಂದ ತರ್ಲಿ ಮೇಷ್ಟ್ರೇ? ತುಂಡು ಬಡಿದ್ರೆ ಮೊದ್ಲಿನಂಗೆ ಕೇಳಂಗಿಲ್ಲ. ಕಿವ್ಯಾಗೆ ನೀವು ಬರೆದಿದ್ದೇ ಐತೆ."

ನನಗೆ ನಾಚಿಕೆಯಾಯಿತು. ಅಪ್ಪ ಕೊಟ್ಟ ಕಿವಿಯನ್ನು ಒಂದು ಪುಟದಲ್ಲಿ ಮುಚ್ಚಿದವನು ನಾನೇ. ಮರುದಿನ ಬೆಳಿಗ್ಗೆ ಮನೆಗೆ ಕರೆದು, ಕಾಫಿ ಕೊಟ್ಟು, ಹೇಳಿದೆ: "ಹಾಲೇಶಪ್ಪ, ಅದರ ಅರ್ಥ ನನಗೂ ಗೊತ್ತಿಲ್ಲ ಕಣಯ್ಯ. ದೊಡ್ಡದಾಗಿ ಕಾಣಲಿ ಅಂತ ಬರೆದೆ. ನೀನು ಹೇಳಿದ್ದೇ ಸರಿ ಇತ್ತು."

ಅವನು ಕಾಫಿ ಲೋಟ ಕೆಳಗಿಟ್ಟ. ಬೈಯಲಿಲ್ಲ, ನಗಲೂ ಇಲ್ಲ. "ಬರ್ತೀನ್ರಿ" ಎಂದು ಎದ್ದ. ಹೊಸಿಲ ಬಳಿ ಅವನ ಕಾಲು ತಾಗಿ ಗುಳ ಕಲ್ಲುಹಾಸಿನ ಮೇಲೆ ಹೊರಳಿತು, ಹೊರಳಿ ದನಿ ಮಾಡಿತು.

ಹಾಲೇಶಪ್ಪ ನಿಂತ. ಗುಳದ ಮೊನೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗುಬಿಟ್ಟು, ಬೈಕಿನ ಕೀಲಿಕೈಯಿಂದ ಮೆಲ್ಲಗೆ ಬಡಿದ. ಕಿವಿಯ ಹತ್ತಿರ ತಂದು ಇನ್ನೊಮ್ಮೆ ಬಡಿದ.

"ಇದ್ರ ಜೊತೆದು ನನ್ನತ್ರ ಐತೆ ಮೇಷ್ಟ್ರೇ. ಸಾಸ್ವೆಹಳ್ಳಿಯಿಂದ ಬಂದ ಒಂದು ಗಾಡಿ ಪಟ್ಟಿ. ವರ್ಷದಿಂದ ಮೂಲ್ಯಾಗೆ ಬಿದ್ದೈತೆ. ಇದನ್ನ ಒಯ್ಲಾ?"

ನನ್ನ ಹೆಂಡತಿ ಒಳಗಿನಿಂದ ಬಂದು, "ಒಯ್ಯಪ್ಪ ಒಯ್ಯಿ. ಬಾಗಿಲಿಗೆ ಅಡ್ಡ ಇಡಾಕೆ ಮೇಷ್ಟ್ರು ಅದಾರಲ್ಲ" ಎಂದಳು. ಗುಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನು ಅರ್ಧ ಲೋಟ ಕಾಫಿ ಬಿಟ್ಟು ಹೊರಟ. ಆ ಮಧ್ಯಾಹ್ನ ಸವಳಂಗ ರಸ್ತೆಯಲ್ಲಿ ಹೋಗುತ್ತ ನೋಡಿದೆ: ದೇವರ ಪಟದ ಪಕ್ಕ ಬರಿ ಮೊಳೆ ಇತ್ತು, ಅಂಗಡಿಯೊಳಗೆ ವೆಲ್ಡಿಂಗಿನ ಬೆಳಕು ಹತ್ತಿ ಆರಿ ಹತ್ತಿ ಆರಿ ನಡೆದಿತ್ತು. ನಾನು ಒಳಗೆ ಹೋಗಲಿಲ್ಲ.

ನಮ್ಮ ಬಾಗಿಲು ಮತ್ತೆ ಬಡಿದುಕೊಳ್ಳತೊಡಗಿತು. ಅದಕ್ಕೇನು ಇಡುವುದೆಂದು ಹುಡುಕುತ್ತಿದ್ದಾಗ, ನೆಂಟರಿಗೆಲ್ಲ ಹಂಚೋಣವೆಂದು ನಾನು ಕೇಳಿ ತಂದಿದ್ದ ಪ್ರದರ್ಶನದ ಪುಸ್ತಿಕೆಗಳು ಸಿಕ್ಕವು. ದಾರ ಸುತ್ತಿ ಕಟ್ಟಿದ ಆ ಕಟ್ಟನ್ನು ಬಾಗಿಲಿಗೆ ಒತ್ತಿಟ್ಟೆ. ಬಾಗಿಲು ನಿಂತಿತು. ಹೆಂಡತಿ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಹಾಲೇಶಪ್ಪನಂತೆಯೇ ಕುಕ್ಕರಗಾಲಿನಲ್ಲಿ ಕೂತು, ಬೀಗದ ಕೈಯಿಂದ ಆ ಕಟ್ಟನ್ನೊಮ್ಮೆ ಬಡಿದೆ. ಕಿವಿಯನ್ನು ಹತ್ತಿರ ಒಯ್ದು ಇನ್ನೊಮ್ಮೆ ಬಡಿದೆ. ಏನೂ ಕೇಳಿಸಲಿಲ್ಲ.