ಕೀ ಇಲ್ಲದ ವಾಚು

ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಹೊಸಪೇಟೆಯನ್ನು ಹಾದುಹೋಗುತ್ತಿದ್ದ ಕಾಲವದು. ಆ ವರ್ಷಗಳಲ್ಲಿ ಈ ಸೀಮೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಒಣಗಲು ಹಾಕಿದ ಬಿಳಿಯ ಅಂಗಿ ಸಂಜೆಯ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಕುಂಟಬಿಲ್ಲೆ ಆಡಿ ಬಂದು ಕಾಲು ತೊಳೆದರೆ ಬಚ್ಚಲಿನಲ್ಲಿ ಕೆಂಪು ನೀರು ಹರಿಯುತ್ತಿತ್ತು. ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅದಕ್ಕೂ ಧೂಳು ಸೇರಿ ಹಲ್ಲಿಗೆ ಕರಕರ ಸಿಗುತ್ತಿತ್ತು. ಅದೇ ಧೂಳಿನಿಂದ ಕೆಲವರ ಮನೆಗಳು ಅಂತಸ್ತಿನ ಮೇಲೆ ಅಂತಸ್ತು ಏರಿದವು. ಹಾಗೆ ಏರಿದವರನ್ನು ಗುರುತಿಸಲು ಅವರ ಮುಂಗೈ ನೋಡಿದರೆ ಸಾಕಿತ್ತು. ಹೋಟೆಲಿನಲ್ಲಿ ಚಹಾದ ಲೋಟ ಎತ್ತುವಾಗ ಅಂಗಿಯ ತೋಳು ಬೇಕೆಂದೇ ಹಿಂದೆ ಸರಿದು, ದಪ್ಪನೆಯ ವಿದೇಶಿ ವಾಚು ಹೊರಗೆ ಕಾಣುತ್ತಿತ್ತು.

ನನ್ನ ತಂದೆಗೂ ವಾಚುಗಳ ಹುಚ್ಚಿತ್ತು. ಆದರೆ ಅದು ಬೇರೆ ಬಗೆಯದು. ಅವರು ಯಶವಂತನಗರದ ಗಣಿಗೆ ಕೆಲಸಗಾರರನ್ನು ಕರೆದೊಯ್ಯುವ ಕಂಪನಿ ಬಸ್ಸಿನ ಚಾಲಕರಾಗಿದ್ದರು. ಬ್ಯಾಟರಿ ವಾಚುಗಳು ಬಂದ ಮೇಲೆ ಜನರು ಕೀ ಕೊಡುವ ಹಳೆಯ ವಾಚುಗಳನ್ನು ರಿಪೇರಿ ಅಂಗಡಿಗಳಲ್ಲಿಯೇ ಬಿಟ್ಟುಹೋಗುತ್ತಿದ್ದರು. ಅಪ್ಪ ಅವುಗಳಲ್ಲಿ ಒಳ್ಳೆಯದನ್ನು ಆರಿಸಿ ಮನೆಗೆ ತರುತ್ತಿದ್ದರು. ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಟವಲಿನ ಮೇಲೆ ವಾಚುಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ಕೀ ಕೊಡುತ್ತಿದ್ದರು. ಚರ್ಮದ ಪಟ್ಟಿಗಳಿಂದ ಯಾರ್ಯಾರದೋ ಹಳೆಯ ಬೆವರಿನ ವಾಸನೆ ಬರುತ್ತಿತ್ತು. ಗಿರಿಜಕ್ಕ ಮತ್ತು ನಾನು ಅವರ ಅಕ್ಕಪಕ್ಕದಲ್ಲಿ ಕೂತು ಕಿವಿ ಕೊಟ್ಟು ಕೇಳುತ್ತಿದ್ದೆವು.

"ಅಪ್ಪಾ, ಇವತ್ತ ಜಾಸ್ತಿ ಕೀ ಕೊಟ್ರ ನಾಳಿಗೂ ಬರ್ತೈತೇನು?" ಎಂದು ನಾನು ಒಮ್ಮೆ ಕೇಳಿದ್ದೆ.

"ಇವತ್ತ ನಾಕು ರೊಟ್ಟಿ ಜಾಸ್ತಿ ಉಂಡ್ರ ನಾಳೆ ನಿನಗ ಹಸಿವಾಗಂಗಿಲ್ಲೇನ್ ಲೇ?" ಎಂದು ಅಪ್ಪ ನಕ್ಕಿದ್ದರು.

"ಮಗಳ ಜಡಿ ಹಾಕೋರಿಲ್ಲ, ವಾಚಿನ ಊಟದ ಚಿಂತಿ ಇವರಿಗೆ," ಎಂದು ಅವ್ವ ಒಲೆಯ ಮುಂದಿನಿಂದಲೇ ಗೊಣಗುತ್ತಿದ್ದಳು.

ಅಪ್ಪನಿಗೆ ವಿವರಿಸುವುದೆಂದರೆ ಪ್ರಾಣ. ಬಸ್ಸಿನ ಗೇರು, ಕಾಲುವೆಯ ತೂಬು, ವಾಚಿನ ಸ್ಪ್ರಿಂಗು, ಯಾವುದೇ ಇರಲಿ, ಅದು ಹೇಗೆ ನಡೆಯುತ್ತದೆಂದು ಎದುರಿಗಿದ್ದವರಿಗೆ ತಿಳಿಯುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಅವರಲ್ಲಿದ್ದ ವಾಚುಗಳಲ್ಲಿ ಅತ್ಯಂತ ಶ್ರೇಷ್ಠವಾದುದು ಕೆನೆಬಣ್ಣದ ಮುಖದ ಒಂದು ಸ್ವಿಸ್ ವಾಚು. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಎಂಜಿನಿಯರೊಬ್ಬರು ನಿವೃತ್ತರಾಗಿ ಊರು ಬಿಡುವಾಗ, ಅಪ್ಪನ ಆಸಕ್ತಿಯನ್ನು ಕಂಡು ಕೊಟ್ಟುಹೋದದ್ದು. ಅದಕ್ಕೆ ಕೀ ಕೊಡಬೇಕಾಗಿರಲಿಲ್ಲ. ಅಪ್ಪ ಒಂದು ಭಾನುವಾರ ಅದರ ಹಿಂಬದಿಯ ಮುಚ್ಚಳ ತೆಗೆದು, ಒಳಗೆ ಅರ್ಧಚಂದ್ರದಂತೆ ತೂಗುವ ಒಂದು ತಗಡನ್ನು ನಮಗೆ ತೋರಿಸಿದರು.

"ನಿಮ್ಮ ಕೈ ಆಡಿದ್ರ ಇದು ತಿರುಗ್ತೈತಿ. ಇದು ತಿರುಗಿದ್ರ ವಾಚು ನಡೀತೈತಿ. ಬಿಚ್ಚಿಟ್ರ ಒಂದೆರಡು ದಿನಕ್ಕ ನಿಂತ್ಬಿಡ್ತೈತಿ. ಕೆಟ್ಟಿತು ಅಂತಲ್ಲ ಮತ್ತ. ಕೈಗೆ ಕಟ್ಟಿದ್ರ ಎದ್ದು ಕುಂದರ್ತೈತಿ."

"ಹಂಗಾದ್ರ ಇದು ಯಾವಾಗ್ಲೂ ಮನುಷ್ಯಾರ ಜೋಡಿನ ಇರಬೇಕನ್ನು," ಎಂದಳು ಅಕ್ಕ.

"ಬರೋಬ್ಬರಿ ಹೇಳಿದಿ ನೋಡು!" ಅಪ್ಪನ ಮುಖ ಅರಳಿತ್ತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಅಕ್ಕನಿಗೆ ಸಂಡೂರು ಕಡೆಯಿಂದ ಸಂಬಂಧ ಬಂತು. ಹುಡುಗನ ತಂದೆ ತೀರಿಕೊಂಡಿದ್ದರು. ತಾಯಿಯೇ ಮನೆಯ ಯಜಮಾನಿ. ಅದಿರು ಸಾಗಿಸುವ ಲಾರಿಗಳು ಅವರ ಸ್ವಂತದವಾಗಿದ್ದವು. ನಮ್ಮಲ್ಲಿ ನಿಶ್ಚಯದ ದಿನ ಹೆಣ್ಣಿನ ಕಡೆಯವರು ವರನಿಗೆ ಉಂಗುರ ತೊಡಿಸಿ, ವಾಚು ಕಟ್ಟುವ ಪದ್ಧತಿಯಿದೆ. ಸಂಬಂಧ ತಂದವರು ಚಹಾ ಕುಡಿಯುತ್ತಾ, "ಉಳಿದದ್ದು ನಿಮ್ಮ ಮರ್ಜಿ ಅಂತ್ರಿ. ಹುಡುಗಗ ವಾಚು ಮಾತ್ರ ಸ್ವಿಸ್ಸೇ ಆಗಬೇಕಂತ," ಎಂದರು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ, "ಮಗಳನ್ನ ಕೊಡಾಕತ್ತೀನಿ, ವಾಚು ಕೊಡಾಕ ಏನಾಗಬೇಕು?" ಎಂದರು.

ನಿಶ್ಚಯದ ದಿನ ಬ್ಯಾಂಡಿನ ಸದ್ದಿನ ನಡುವೆ ಅಪ್ಪ ಭಾವನ ಕೈಗೆ ಆ ವಾಚನ್ನು ಕಟ್ಟಿ, ಕಿವಿಯ ಬಳಿ ಬಾಗಿ, "ದಿನಾ ಕಟ್ಕೋಬೇಕ್ರಿ ಅಳಿಯಂದಿರೇ, ಇದನ್ನ ಪೆಟ್ಟಿಗ್ಯಾಗ ಇಡಬಾರ್ದು," ಎಂದು ಕಾರಣವನ್ನೂ ಹೇಳಿದರು. ಭಾವ ನಾಚಿಕೆಯಿಂದ ತಲೆಯಾಡಿಸಿದರು. ಅವರ ತಾಯಿ ವಾಚನ್ನು ಮುಟ್ಟಿ ನೋಡಿ, "ಇಂಥಾದ್ದನ್ನ ಗಣಿ ಧೂಳಿಗೆ ಹಾಕೋದುಂಟೇನ್ರಿ ಬೀಗರೇ? ಭಾಳ ಜೋಪಾನ ಇಡ್ತೀವಿ, ನೀವೇನ್ ಚಿಂತಿ ಮಾಡಬ್ಯಾಡ್ರಿ," ಎಂದರು. ಅಪ್ಪ ಸಂತೋಷದಿಂದ ಕೈಮುಗಿದರು. ಬೆಲೆಯುಳ್ಳದ್ದನ್ನು ಬಳಸದೆ ಬೀರುವಿನಲ್ಲಿಡುವುದೇ ನಮ್ಮ ಮನೆಗಳಲ್ಲಿ ಅದಕ್ಕೆ ಸಲ್ಲಿಸುವ ಗೌರವ. ಅವ್ವನ ಧಾರೆಯ ಸೀರೆ, ಹೊಸ ಸ್ಟೀಲಿನ ತಾಟುಗಳು, ಎಲ್ಲವೂ ಹಾಗೆಯೇ ಇದ್ದವು. ಆ ಮಾತಿನಲ್ಲಿ ಅಪಾಯವಿದೆಯೆಂದು ನಮಗೆ ಯಾರಿಗೂ ಅನಿಸಲಿಲ್ಲ.

ಮದುವೆಯಾಯಿತು. ಕೆಲವೇ ತಿಂಗಳಲ್ಲಿ ಗಣಿಗಳು ನಿಂತವು. ದೊಡ್ಡ ಕೋರ್ಟಿನ ಆದೇಶವೆಂದು ಜನ ಮಾತನಾಡಿಕೊಂಡರು. ಅಪ್ಪನ ಬಸ್ಸೂ ಶೆಡ್ಡು ಸೇರಿತು. ಆ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಅಂಗಳದ ತುಂಬ ಲಾರಿಗಳು ನಿಂತಿದ್ದವು. ಅವುಗಳ ನೆರಳಿನಲ್ಲಿ ನಾಯಿಗಳು ಮಲಗಿದ್ದವು. ಕೆಲಸವಿಲ್ಲದ ಡ್ರೈವರುಗಳು ಒಬ್ಬೊಬ್ಬರಾಗಿ ಊರಿಗೆ ಹೊರಟುಹೋಗುತ್ತಿದ್ದರು. ಭಾವ ಬೆಳಗ್ಗೆ ಎದ್ದು, ಯಾವ ಲಾರಿಯೂ ಹೊರಡದಿದ್ದರೂ, ಎಲ್ಲ ಟೈರುಗಳನ್ನು ಕಾಲಿನಿಂದ ಒದ್ದು ನೋಡಿ ಬರುತ್ತಿದ್ದರು.

ಅಮಾವಾಸ್ಯೆಯ ದಿನ ಲಾರಿಗಳಿಗೆ ಪೂಜೆ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಮಗ ವಾಚು ಕಟ್ಟಿಕೊಂಡು ಆರತಿ ಬೆಳಗಲೆಂದು ಅಕ್ಕನ ಅತ್ತೆ ಬೀರುವಿನಿಂದ ಮಖಮಲ್ಲಿನ ಡಬ್ಬಿ ತಂದು ತೆರೆದರು. ವಾಚು ನಿಂತಿತ್ತು.

"ಅಯ್ಯ, ಇದು ನಿಂತೈತಲ್ಲೋ!" ಎಂದವರು ವಾಚನ್ನೂ ಅಂಗಳವನ್ನೂ ಒಮ್ಮೆ ನೋಡಿದರು. ಧ್ವನಿ ಇಳಿಯಿತು. "ಈ ನಿಂತ ವಾಚು ಮನಿಗೆ ಬಂತು. ಬೆನ್ನಿಗೇ ಗಾಡಿನೂ ನಿಂತ್ವು."

"ಅತ್ತೀ, ಅದು ಕೆಟ್ಟಿಲ್ಲ. ಕೈಗೆ ಕಟ್ಟಿದ್ರ ನಡೀತೈತಿ," ಎಂದು ನಾನು ಹೇಳಿದೆ.

"ನಿಮ್ಮಪ್ಪ ಕಲಿಸಿ ಕಳಿಸ್ಯಾನೇನು? ಹೋಗು, ಹೊರಗ ಆಡ್ಕೋ ಹೋಗು."

ಆ ದಿನದಿಂದ ಮನೆಯಲ್ಲಿ ಏನೇ ಕೆಟ್ಟರೂ ಆ ಮಾತು ಬರುತ್ತಿತ್ತು. ಹಾಲು ಒಡೆದರೆ ವಾಚು. ಬ್ಯಾಂಕಿನವರು ಬಂದು ಹೋದರೆ ವಾಚು.

ಒಂದು ಮುಂಜಾನೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗಿ ಅಡುಗೆಮನೆಗೆ ಹೋದೆ. ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ ತುಂಬಿತ್ತು. ಅಕ್ಕನ ಎಡಗೈಯಲ್ಲಿ, ಬಳೆಗಳಿಂದ ಮೇಲಕ್ಕೆ ಸರಿಸಿ ಕಟ್ಟಿದ ಆ ವಾಚು ಇತ್ತು. ಸೆರಗಿನಿಂದ ಅರ್ಧ ಮುಚ್ಚಿಕೊಂಡಿದ್ದಳು.

"ಅಕ್ಕಾ, ವಾಚು!"

"ಶ್! ಮೆಲ್ಲಕ. ಕಸ ಹೊಡಿಯೂ ಮುಂದ, ರೊಟ್ಟಿ ಬಡಿಯೂ ಮುಂದ ಕಟ್ಕೊಂತೀನಿ ಸುಮಿ. ಎಲ್ಲಾರೂ ಏಳೋದ್ರಾಗ ತಿರುಗಿ ಇಟ್ಬಿಡ್ತೀನಿ. ಬರೂ ಅಮಾಸಿಗೆ ಡಬ್ಬಿ ತೆಗದ್ರ ನಡೀತಿರ್ತೈತಿ. ಆಮ್ಯಾಲ ಅತ್ತಿ ಏನೂ ಅನ್ನಂಗಿಲ್ಲ."

"ಒಳಗ ಹಿಟ್ಟು ಹೋಗ್ತೈತಿ."

"ನೀ ಒಬ್ಬಾಕಿ ಉಳಿದಿದ್ದಿ ನೋಡು ಅಪ್ಪನಂಗ ಮಾತಾಡಾಕ," ಎಂದು ಅಕ್ಕ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಮಾವಾಸ್ಯೆ ಬರುವ ಮೊದಲೇ ಅತ್ತೆ ಒಂದು ದಿನ ಬೇಗನೆ ಎದ್ದರು. ಅಕ್ಕನ ತೋಳನ್ನು ಹಿಡಿದು ಸೆರಗು ಸರಿಸಿದಾಗ ವಾಚಿನ ಗಾಜಿನ ಮೇಲೆ ಹಿಟ್ಟು ಮೆತ್ತಿತ್ತು.

"ಗಂಡನ ವಾಚು ಸೆರಗಿನಾಗ! ಯಾರಿಗೆ ಕಳಸಾಕ ತಗದಿದ್ದಿ? ತಂಗೀನ ಕರಸಿಕೊಂಡಿದ್ದು ಇದಕ್ಕೇನು?"

"ಇಲ್ರೀ ಅತ್ತೀ. ನಿಲ್ಲಬಾರ್ದಂತ ಕಟ್ಕೊಂಡಿದ್ದೆ. ಕೈಯಾಗ ಇದ್ರ ನಡೀತೈತಿ, ಅಪ್ಪ ಅವತ್ತ ಹೇಳಿದ್ರು."

ಅತ್ತೆ ಅವಳ ಕೈಯಿಂದ ವಾಚನ್ನು ಬಿಚ್ಚಿಕೊಂಡರು. ನಂತರ, "ಹಂಗಾದ್ರ ನಿಲ್ಲಿಸಾಕೂ ನಿನಗ ಗೊತ್ತು, ನಡಸಾಕೂ ನಿನಗ ಗೊತ್ತು," ಎಂದರು.

ಭಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಅದೇ ದಿನ ನಮ್ಮಿಬ್ಬರನ್ನು ಹೊಸಪೇಟೆಯ ಬಸ್ಸು ಹತ್ತಿಸಿದರು.

ಹಿರಿಯರನ್ನು ಕೂಡಿಸಿ ಮಾತನಾಡೋಣವೆಂದು ಅತ್ತೆ ಅಪ್ಪನಿಗೆ ಹೇಳಿಕಳುಹಿಸಿದಾಗ, ಅಪ್ಪನಿಗೆ ಭಯಕ್ಕಿಂತ ಹೆಚ್ಚಾಗಿ ಉತ್ಸಾಹವೇ ಇತ್ತೆಂದು ಈಗ ತೋರುತ್ತದೆ. "ಅವರಿಗೆ ಗೊತ್ತಿಲ್ಲ, ಅಷ್ಟ. ಕಣ್ಣಿಂದ ನೋಡಿದ್ರ ಮುಗೀತು," ಎಂದು ಅವ್ವನಿಗೆ ಧೈರ್ಯ ಹೇಳಿದರು. ಅಕ್ಕನ ಜೊತೆಗೆ, ಕಂಡದ್ದನ್ನು ನಾನೂ ಹೇಳಲೆಂದು, ನನ್ನನ್ನೂ ಅವರ ಮನೆಗೆ ಕರೆದೊಯ್ದರು. ಅಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಜಮಖಾನೆಯ ಮೇಲೆ ಹಿರಿಯರು ಕೂತಿದ್ದರು. ನಡುವೆ ಡಬ್ಬಿ. ವಾಚು ಮತ್ತೆ ನಿಂತಿತ್ತು. ಅಪ್ಪ ಅದನ್ನು ಕೈಗೆತ್ತಿಕೊಂಡು, ಮೆಲ್ಲಗೆ ಅತ್ತಿತ್ತ ತೂಗಿದರು. ಸೆಕೆಂಡಿನ ಮುಳ್ಳು ಹೊರಟಿತು. ಹಿರಿಯರು ಬಾಗಿ ನೋಡಿದರು. "ಮಸ್ತ್ ಐತಲ್ಲೋ!" ಎಂದು ಒಬ್ಬರು ಕಿವಿಗೂ ಹಿಡಿದರು. ಅಪ್ಪ ಒಳಗಿನ ಅರ್ಧಚಂದ್ರದ ಬಗ್ಗೆ ಹೇಳಲಾರಂಭಿಸಿದರು. ಅವರ ಮುಖದಲ್ಲಿ ನಮ್ಮ ಮನೆಯ ಮುಂಜಾನೆಗಳ ಬೆಳಕಿತ್ತು.

ಆಗ ಅಕ್ಕನ ಅತ್ತೆ, ಏರುಧ್ವನಿಯೂ ಇಲ್ಲದೆ, ಹೇಳಿದರು: "ಎಲ್ಲಾರೂ ನೋಡಿದ್ರಲ್ಲಾ? ಅವರ ಕೈಯಾಗ ನಡೀತು. ನಮ್ಮ ಮನ್ಯಾಗ ನಿಂತಿತು. ಇದಕ್ಕ ನೀವೇನಂತೀರಿ? ನಾನಂತೂ ಮಾಟ ಅಂತೀನಿ."

ವಾಚನ್ನು ಕಿವಿಗೆ ಹಿಡಿದಿದ್ದ ಹಿರಿಯರು ಅದನ್ನು ತಟ್ಟನೆ ಕೆಳಗಿಟ್ಟರು. ಯಾರೂ ನಗಲಿಲ್ಲ. ತಾನು ತೋರಿಸಿದ್ದೇ ತನ್ನ ಮಗಳ ಮೇಲಿನ ಸಾಕ್ಷಿಯಾಯಿತೆಂಬುದು ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು.

"ಹಂಗಲ್ರೀ ಬೀಗತಿಯವರೇ," ಎಂದರು. "ಅಳಿಯಂದಿರ ಕೈಗೆ ಕಟ್ಟೋಣು. ನಾಳೆ ಈ ಹೊತ್ತಿನ ತನಕ ನಾನು ಇಲ್ಲೇ ಕುಂದರ್ತೀನಿ. ನಿಂತ್ರ ನನ್ನ ಮಗಳನ್ನ ನಾನ ಕರಕೊಂಡು ಹೋಗ್ತೀನಿ, ತಿರುಗಿ ಬರಂಗಿಲ್ಲ. ನಿಲ್ಲಲಿಲ್ಲಂದ್ರ..." ವಾಚನ್ನೆತ್ತಿ ಭಾವನತ್ತ ಚಾಚಿದರು.

ಭಾವ ಎದ್ದು ಬಂದು ಅಪ್ಪನ ಮುಂದೆ ಕೂತರು. ಕೈಯಲ್ಲಿದ್ದ ಬ್ಯಾಟರಿ ವಾಚಿನ ಕೊಂಡಿಯನ್ನು ಬಿಚ್ಚಿದರು. ಬಾಗಿಲ ಹಿಂದೆ ನಿಂತಿದ್ದ ಅಕ್ಕ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಳು.

"ಕಟ್ಕೋ," ಎಂದರು ಅವರ ತಾಯಿ. "ನಿಮ್ಮಪ್ಪ ದುಡಿದ ಗಾಡಿ ಹೋದ್ವು. ಇನ್ನ ನಿನ್ನ ಕೈನೂ ಬಿದ್ದು ಹೋಗ್ಲಿ."

ಭಾವ ತೆರೆದ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದರು. ಅನಂತರ, ಯಾರನ್ನೂ ನೋಡದೆ, ತಮ್ಮ ಬ್ಯಾಟರಿ ವಾಚಿನ ಕೊಂಡಿಯನ್ನು ಮತ್ತೆ ಹಾಕಿಕೊಂಡರು. ಕೊಂಡಿ ಕೂತ ಸದ್ದು ನಮಗೆ ಬಾಗಿಲ ಹಿಂದೆಯೂ ಕೇಳಿಸಿತು.

ಅಪ್ಪ ಸ್ವಿಸ್ ವಾಚನ್ನು ಅಲ್ಲಿಯೇ ಬಿಟ್ಟು ಬಂದರು. ಅದನ್ನು ಹಿಂದಕ್ಕೆ ತಂದರೆ ಸಂಬಂಧ ಮುರಿದಂತೆ, ಬಿಟ್ಟು ಬಂದರೆ ಉಳಿದೀತು ಎಂಬ ಆಸೆಯೊಂದು ಅವರಲ್ಲಿ ಇನ್ನೂ ಉಳಿದಿತ್ತೇನೋ. ಮರಳುವಾಗ ಘಾಟಿನಲ್ಲಿ ಒಂದು ಲಾರಿಯೂ ಎದುರಾಗಲಿಲ್ಲ. ಬಸ್ಸಿನ ಕಿಟಕಿಗೆ ತಲೆಯೊರಗಿಸಿದ್ದ ಅಕ್ಕ ಬಹಳ ಹೊತ್ತಿನ ನಂತರ, "ಅಪ್ಪಾ, ಅದು ಖರೇನೇ ಕೆಟ್ಟ ವಾಚಾಗಿದ್ರ ಚೊಲೋ ಇತ್ತಲ್ಲ? ಬೈದು, ಬ್ಯಾರೇದು ಕೇಳಿ ಸುಮ್ಮನಾಗ್ತಿದ್ರು," ಎಂದಳು.

ಆರು ತಿಂಗಳೊಳಗೆ ಹೊಸಪೇಟೆಯ ಹೋಟೆಲೊಂದರಲ್ಲಿ ಹಿರಿಯರೇ ಗಂಡ-ಹೆಂಡಿರ ಬಿಡುಗಡೆಯ ಮಾತು ಮುಗಿಸಿದರು.

ಈಗ ಗಣಿಗಳು ಮತ್ತೆ ತೆರೆದಿವೆ. ಲಾರಿಗಳು ಮತ್ತೆ ಓಡಾಡುತ್ತಿವೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಬರೆಯುವಾಗಲೆಲ್ಲ ಕಾರಣದ ಹಿಂದೆ ಕಾರಣವನ್ನು ಜೋಡಿಸಿ, ತಪ್ಪಿಲ್ಲದಂತೆ ಹೇಳಬೇಕೆಂದು ಕಾಲೇಜಿನಲ್ಲಿ ಕಲಿತೆ. ಸರಿಯಾಗಿ ಹೇಳಿದರೆ ಎದುರಿನವರು ಒಪ್ಪುತ್ತಾರೆಂಬ ನಂಬಿಕೆ ಮಾತ್ರ ನನಗೆ ಬರಲಿಲ್ಲ. ಅದು ಆ ಜಮಖಾನೆಯ ಮೇಲೆಯೇ ಹೋಯಿತು. ಅಪ್ಪನಿಂದಲೂ ಹೋಯಿತು. ಆಮೇಲೆ ಅವರು ಯಾವುದನ್ನೂ, ಯಾರಿಗೂ ವಿವರಿಸಲಿಲ್ಲ. ಕೊನೆಯ ಕಾಯಿಲೆಯಲ್ಲಿ ಡಾಕ್ಟರು ನೋವು ಎಲ್ಲಿದೆ, ಹೇಗಿದೆ ಎಂದು ಕೇಳಿದಾಗಲೂ "ಏನಿಲ್ರೀ" ಎಂದಷ್ಟೇ ಹೇಳಿದರು. ನಾವು ತಿಳಿಯುವ ಹೊತ್ತಿಗೆ ತಡವಾಗಿತ್ತು.

ಅಕ್ಕ ನನ್ನ ಜೊತೆಗಿದ್ದಾಳೆ. ರವಿಕೆ ಹೊಲಿಯುತ್ತಾಳೆ. ಮತ್ತೊಂದು ಮದುವೆಯ ಮಾತನ್ನು ನಾವು ಎತ್ತಿದಾಗಲೆಲ್ಲ ಎದ್ದು ಹೋಗುತ್ತಿದ್ದಳು. ಇದನ್ನು ಬರೆಯುತ್ತಿದ್ದೇನೆಂದು ಮೊನ್ನೆ ಅವಳಿಗೆ ತಿಳಿಸಿದೆ. ಹೊಲಿಗೆ ನಿಲ್ಲಿಸದೆ, "ಬರಿ," ಎಂದಳು. ನಂತರ ದಾರ ಕತ್ತರಿಸಿ, "ಆದ್ರ ಅವರ ಹೆಸರು, ಊರು ಹಾಕಬ್ಯಾಡ ಸುಮಿ. ಮತ್ತ ಲಗ್ನ ಆಗಿ ಅವರಿಗೆ ಇಬ್ಬರು ಹೆಣ್ಮಕ್ಕಳಂತ. ನಾಳೆ ಅವನ್ನ ನೋಡಾಕ ಯಾರರ ಬರಬೇಕಲ್ಲ," ಎಂದಳು.